ಮನೆಯಲ್ಲೇ ಮಗುವಿನ ಫೋಟೋ: ಮೊದಲು ಬೆಳಕು ಹುಡುಕಿ

ಶಿರಸಿಯಲ್ಲಿ ಅಪ್ಪ ಸ್ಟುಡಿಯೋ ನಡೆಸುತ್ತಿದ್ದ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ವರ್ಷ ತುಂಬಿದ ಮಗುವನ್ನು ಎತ್ತಿಕೊಂಡು ಯಾರಾದರೂ ಬಂದರೆ ಅಪ್ಪ ಕೂಡಲೇ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಮುಚ್ಚಳ ಬಿಗಿಯಾಗಿ ಹಾಕಿದ ರೀಲಿನ ಖಾಲಿ ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು, ತಾಯಿಯ ಹತ್ತಿರ ಮಳೆ, ಅಡಿಕೆ, ಊರಿನ ಸುದ್ದಿ ಮಾತಾಡುತ್ತ ಕೂರುತ್ತಿದ್ದ. ಮಗು ಡಬ್ಬಿಯಲ್ಲಿ ಮುಳುಗಿಹೋದ ಮೇಲೆ ಮೂರೋ ನಾಲ್ಕೋ ಕ್ಲಿಕ್, ಅಷ್ಟೇ. ನಾನೀಗ ಮನೆಗಳಿಗೇ ಹೋಗಿ ಮಕ್ಕಳ ಫೋಟೋ ತೆಗೆಯುತ್ತೇನೆ. 'ಫೋನಲ್ಲಿ ಮುನ್ನೂರು ತೆಗೆದೆ ಅಕ್ಕಾ, ಒಂದೂ ಸರಿ ಬರಲಿಲ್ಲ' ಎಂದು ಎಳೆಯ ತಾಯಂದಿರು ಬೇಸರ ಮಾಡಿಕೊಂಡಾಗಲೆಲ್ಲ ನಾನು ಹೇಳುವುದು ಅಪ್ಪನ ಕ್ರಮವನ್ನೇ. ಬೆಳಕಿರುವ ಜಾಗ ಮೊದಲು ಹುಡುಕಿ, ಮಗುವನ್ನು ಅಲ್ಲಿ ಆಡಲು ಬಿಡಿ, ನೀವು ಕಾಯಿರಿ. ಫೋನು ಹಿಡಿದು ಮಗುವಿನ ಹಿಂದೆ ಓಡಬೇಡಿ.

ಬೆಳಕು ಹುಡುಕಲು ನಿಮ್ಮ ಕೈ ಸಾಕು. ಬೆಳಿಗ್ಗೆ ಒಂಬತ್ತೂವರೆ, ಹತ್ತರ ಹೊತ್ತಿಗೆ ಟ್ಯೂಬ್‌ಲೈಟು, ಬಲ್ಬು ಎಲ್ಲ ಆರಿಸಿ. ಮುಷ್ಟಿ ಕಟ್ಟಿ ಮುಂದೆ ಹಿಡಿದುಕೊಂಡು ಒಂದೊಂದೇ ಕಿಟಕಿಯ ಹತ್ತಿರ ನಿಧಾನವಾಗಿ ತಿರುಗುತ್ತ ಬೆರಳ ಗೆಣ್ಣುಗಳ ನಡುವಿನ ನೆರಳು ನೋಡಿ. ನೆರಳಿನ ಅಂಚು ಗೀಟು ಎಳೆದಂತಿದ್ದರೆ ಅದು ನೇರ ಬಿಸಿಲು. ಅಲ್ಲಿ ಮಗು ಕಣ್ಣು ಕಿರಿದು ಮಾಡುತ್ತದೆ. ಎಲ್ಲಿ ಮುಗಿಯಿತೆಂದೇ ತಿಳಿಯದ ಹಾಗೆ ನೆರಳು ಕರಗಿದ್ದರೆ ಅದೇ ನಿಮ್ಮ ಜಾಗ. ಉತ್ತರದ ಕಿಟಕಿಯಲ್ಲಿ ವರ್ಷದ ಬಹುಪಾಲು ಇಂಥದೇ ಬೆಳಕು. ಪೂರ್ವದ ಕಿಟಕಿಯೊಂದೇ ಇದ್ದರೆ ತೆಳು ಬಿಳಿ ಪಂಚೆಯನ್ನು ಒಂಟಿ ಪದರವಾಗಿ ಅಡ್ಡ ಕಟ್ಟಿ. ಬಿಸಿಲು ಬಟ್ಟೆಯಲ್ಲಿ ಹರಡಿ ಹಾಲಿನಂತಾಗುತ್ತದೆ.

ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಗಾಜಿನ ಹಂಚಿನಿಂದ ಬೆಳಕಿನ ಕೋಲು ನಡುಮನೆಗೆ ಇಳಿಯುತ್ತದಲ್ಲ, ನೋಡಲು ಬಹಳ ಚಂದ. ಮಗುವನ್ನು ಅದರ ಕೆಳಗೇ ಕೂರಿಸಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ಬೇಡ. ನೆತ್ತಿ ಮತ್ತು ಮೂಗಿನ ತುದಿ ಬೆಳ್ಳಗೆ ಉರಿದು, ಕಣ್ಣೆರಡೂ ಕತ್ತಲೆಯಲ್ಲಿ ಹೂತುಹೋಗುತ್ತವೆ.

ನೆಲವನ್ನೂ ನೋಡಿಕೊಳ್ಳಿ. ಸಾಗರದ ಹತ್ತಿರ ಒಂದು ಹಳೆಯ ಮನೆಗೆ ಹತ್ತು ತಿಂಗಳ ಮಗುವಿನ ಫೋಟೋಕ್ಕೆ ಹೋಗಿದ್ದೆ. ಎಷ್ಟು ತೆಗೆದರೂ ಗದ್ದದ ಅಡಿ, ಕೆನ್ನೆಯ ಕೆಳಗೆ ಜ್ವರ ಬಂದವರ ಹಾಗೆ ಕೆಂಪು. ತಾಯಿ ಗಾಬರಿಯಾಗಿ ಮಗುವಿನ ಹಣೆ ಮುಟ್ಟಿ ನೋಡಿದಳು. ಮಗು ಚೆನ್ನಾಗಿಯೇ ಇತ್ತು, ಬಣ್ಣ ನೆಲದ್ದಾಗಿತ್ತು. ಒರೆಸಿ ಒರೆಸಿ ಕನ್ನಡಿಯಾದ ಕೆಂಪು ಗಾರೆ ನೆಲಕ್ಕೆ ಕಿಟಕಿಯ ಬೆಳಕು ಬಡಿದು, ಕೆಂಪನ್ನೂ ಹೊತ್ತುಕೊಂಡು ಮೇಲೇಳುತ್ತಿತ್ತು. ಬಿಳಿ ಬೆಡ್‌ಶೀಟ್ ಹಾಸಿದೆವು, ಕೆಂಪು ಹೋಯಿತು. ಗಿಳಿಹಸಿರು ಬಳಿದ ಗೋಡೆಯೂ ಹೀಗೇ ಮಾಡುತ್ತದೆ. ಕಿಟಕಿಯ ಎದುರು ಬದಿಯಲ್ಲಿ, ಮಗುವಿನಿಂದ ಎರಡಡಿ ಆಚೆ, ಮನೆಯವರೊಬ್ಬರು ಬಿಳಿ ಟವೆಲ್ ಬಿಡಿಸಿ ಹಿಡಿದರೆ ನೆರಳು ಬಿದ್ದ ಕೆನ್ನೆಗೂ ಸ್ವಲ್ಪ ಬೆಳಕು ಮರಳುತ್ತದೆ. ನನಗೆ ಆ ನೆರಳು ಒಂದಿಷ್ಟು ಉಳಿಯಬೇಕು. ಕೆನ್ನೆಯ ದುಂಡು ಕಾಣುವುದೇ ಅದರಿಂದ.

ಮಗು ಕಿಟಕಿಯಿಂದ ಮೂರಡಿ ದೂರದಲ್ಲಿರಲಿ, ಮುಖ ಕಿಟಕಿಯ ಕಡೆ ಅರ್ಧ ತಿರುಗಿರಲಿ. ಕಣ್ಣಿನ ಕಪ್ಪಿನಲ್ಲಿ ಕಿಟಕಿಯ ಚೌಕ ಕಾಣಿಸಬೇಕು. ಹತ್ತಿರದಿಂದ ನೋಡಿದರೆ ಅದರ ಸರಳುಗಳೂ ಕಾಣುತ್ತವೆ. ಆ ಚಿಕ್ಕ ಚೌಕವಿಲ್ಲದಿದ್ದರೆ ಮಗುವಿನ ಕಣ್ಣು ಮಂಕಾಗುತ್ತದೆ. ನಾನಂತೂ ಅಂಥ ಫೋಟೋ ಇಟ್ಟುಕೊಳ್ಳುವುದಿಲ್ಲ.

ಆಮೇಲೆ ನೀವು ನೆಲಕ್ಕಿಳಿಯಿರಿ. ಅಂಬೆಗಾಲಿಡುವ ಮಗುವಾದರೆ ಹೊಟ್ಟೆಯ ಮೇಲೆ ಮಲಗಿ, ಕೂರುವ ಮಗುವಾದರೆ ಮೊಣಕೈ ಊರಿ. ನಿಂತು ತೆಗೆದರೆ ದೊಡ್ಡ ತಲೆ, ಪುಟ್ಟ ಕಾಲು. ಫೋನನ್ನು ಮುಖಕ್ಕೆ ಒತ್ತಿ ಹಿಡಿದರೆ ಮೂಗು ದಪ್ಪ, ಕಿವಿ ಮಾಯ. ನಾಲ್ಕೈದು ಅಡಿ ಹಿಂದೆ ಸರಿದು ಪರದೆಯಲ್ಲಿ 2ಎಕ್ಸ್ ಝೂಮ್ ಒತ್ತಿ. ಅದಕ್ಕೂ ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಮಗುವಿಗೆ ಎಣ್ಣೆ ಹಚ್ಚಿದ ಕೈಯಲ್ಲೇ ಫೋನು ಹಿಡಿದಿರುತ್ತೀರಿ, ಮಂಜು ಮಂಜಾಗಿ ಬರುವುದಕ್ಕೆ ಬಹಳ ಸಲ ಅದೇ ಕಾರಣ. ಪರದೆಯಲ್ಲಿ ಮಗುವಿನ ಕಣ್ಣಿನ ಮೇಲೆ ಒಮ್ಮೆ ಬೆರಳೊತ್ತಿ, ಕೆನ್ನೆ ತೀರಾ ಬೆಳ್ಳಗಾದರೆ ಬೆಳಕನ್ನು ಸ್ವಲ್ಪ ಇಳಿಸಿ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಹಣೆಯ ಎಳೆಗೂದಲನ್ನು ಹಿನ್ನೆಲೆಯ ಜೊತೆ ಕರಗಿಸಿಬಿಡುತ್ತದೆ. ಅದರ ಬದಲು ಗೋಡೆಯಿಂದ ಮಗುವನ್ನು ಐದಾರು ಅಡಿ ಮುಂದೆ ತನ್ನಿ. ಕ್ಯಾಮೆರಾ ಇದ್ದವರಿಗೆ 50 ಎಂಎಂ ಲೆನ್ಸು, ಅಪರ್ಚರ್ 2.8, ಶಟರ್ 1/250 ಸಾಕು. ಬೆಳಕು ಕಡಿಮೆಯಿದ್ದಾಗ ಏರಿಸುವ ಐಎಸ್‌ಓ 1600ಕ್ಕೆ ಹೋದರೂ ಹೆದರಬೇಡಿ, ಅಲುಗಿದ ಫೋಟೋಕ್ಕಿಂತ ಕಾಳು ಕಾಳಾದದ್ದು ಮೇಲು. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಆಷಾಢದ ಮಳೆಯಲ್ಲಿ ಮನೆಯೊಳಗೆ ತೀರಾ ಕತ್ತಲೆಯಾದರೆ ಮುಂಬಾಗಿಲು ಪೂರ್ತಿ ತೆರೆದು ಹೊಸ್ತಿಲಿನ ಒಳಗೆ ಕೂರಿಸಿ.

ಮಗು ನಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಗು ಎಂದು ಹೇಳಬೇಡಿ. ಎರಡೂವರೆ ವರ್ಷದ ಮಗುವಿಗೆ ನಗು ಎಂದರೆ ಹಲ್ಲು ಕಿರಿದು ಕಣ್ಣು ಮುಚ್ಚುತ್ತದೆ. ಅಜ್ಜಿ ಒಂದು ಕಡೆಯಿಂದ 'ಬಂಗಾರೀ', ಮಾವ ಇನ್ನೊಂದು ಕಡೆಯಿಂದ ಗಿಲಕಿ, ಅತ್ತೆ ಚಪ್ಪಾಳೆ: ಮಗು ಯಾರನ್ನು ನೋಡಬೇಕು? ಕರೆಯುವವರು ಒಬ್ಬರೇ ಇರಲಿ, ನಿಮ್ಮ ಹೆಗಲ ಹಿಂದೆ, ಲೆನ್ಸಿನ ನೇರಕ್ಕೆ ಕೂತಿರಲಿ. ಕೈಗೆ ಏನಾದರೂ ಕೊಡಿ: ಸ್ಟೀಲಿನ ಲೋಟ, ಮರದ ಸೌಟು, ಅಪ್ಪನ ಟವೆಲ್. ಕಾಳು, ಮಣಿಯಂಥ ಬಾಯಿಗೆ ಹೋಗುವ ಸಣ್ಣ ವಸ್ತು ಬೇಡ. ಲೋಟದೊಳಗೆ ಇಣುಕಿ ತಲೆಯೆತ್ತುವ ಕ್ಷಣವಿದೆಯಲ್ಲ, ಆಗ ಬಾಯಿ ಸ್ವಲ್ಪ ತೆರೆದಿರುತ್ತದೆ, ಹುಬ್ಬು ಏರಿರುತ್ತದೆ. ನನಗೆ ನಗುವಿಗಿಂತ ಅದೇ ಇಷ್ಟ. ನಿದ್ದೆ ಮುಗಿಸಿ ಹೊಟ್ಟೆ ತುಂಬಿದ ಅರ್ಧ ಗಂಟೆಯ ನಂತರ ಶುರು ಮಾಡಿ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ. ಕಣ್ಣುಜ್ಜಿದರೆ ಆಗಲೇ ನಿಲ್ಲಿಸಿ.

ಕೃಷ್ಣಾಷ್ಟಮಿಗೆ ವೇಷ ಹಾಕಿಸುವವರಿಗೆ ಇದು ಮುಖ್ಯ. ಒಂದೂವರೆ ವರ್ಷದ ಹುಡುಗನೊಬ್ಬನಿಗೆ ಕಿರೀಟದ ಎಲಾಸ್ಟಿಕ್ ಗದ್ದಕ್ಕೆ ಚುಚ್ಚಿ, ಕೊಳಲು ಎಸೆದು, ಇಡೀ ಮನೆ ಕೇಳುವಂತೆ ಅತ್ತ. ಅಷ್ಟರೊಳಗೆ ನನ್ನ ಕೆಲಸ ಮುಗಿದಿತ್ತು. ವೇಷ ಹಾಕುವ ಮುಂಚೆ ಅಜ್ಜಿ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ ಪುಟ್ಟ ಪಂಚೆ ಉಡಿಸುತ್ತಿದ್ದರು. ಅವನು ಒಂದು ಕೈಯಲ್ಲಿ ಅಜ್ಜಿಯ ತಲೆಗೂದಲು ಹಿಡಿದು ಸಮತೋಲನ ಮಾಡಿಕೊಂಡು, ಇನ್ನೊಂದು ಕೈಯ ಬೆಣ್ಣೆ ನೆಕ್ಕುತ್ತಿದ್ದ. ಗಲ್ಲದ ಮೇಲಿನ ದೃಷ್ಟಿಬೊಟ್ಟು ಆಗಲೇ ಅರ್ಧ ಕಿವಿಯವರೆಗೆ ಹರಡಿತ್ತು. ಅದನ್ನು ಒರೆಸಲು ಬಂದ ತಾಯಿಯನ್ನು ನಾನೇ ತಡೆದೆ. ಆ ಮನೆಯ ಗೋಡೆಯ ಮೇಲಿರುವುದು ಅದೇ ಫೋಟೋ.

ತಿಂಗಳೊಳಗಿನ ಕೂಸಿನ ವಿಷಯದಲ್ಲಿ ಸಾಹಸ ಬೇಡ. ಕೈಯ ಮೇಲೆ ಗದ್ದ ಊರಿಸುವುದು, ಬುಟ್ಟಿಯಲ್ಲಿ ಮಡಚಿ ಮಲಗಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹಾಸಿಗೆಯ ನಡುವೆ ಅಂಗಾತ ಮಲಗಿಸಿ, ಪಕ್ಕದಲ್ಲಿ ತಾಯಿಯ ಕೈ ಇರಲಿ. ಆ ಕೈಯೂ ಫೋಟೋದಲ್ಲಿ ಬರಲಿ, ಕೂಸು ಎಷ್ಟು ಪುಟ್ಟದಿತ್ತೆಂದು ಮುಂದೆ ಗೊತ್ತಾಗುವುದೇ ಅದರಿಂದ. ಫೋನನ್ನು ಕೂಸಿನ ಮುಖದ ನೇರ ಮೇಲೆ ಹಿಡಿಯಬೇಡಿ, ಕೈಜಾರುವುದಕ್ಕೆ ಕ್ಷಣ ಸಾಕು. ಸ್ನಾನದ, ಬಟ್ಟೆಯಿಲ್ಲದ ಚಿತ್ರಗಳನ್ನು ಸ್ಟೇಟಸ್ಸಿಗೂ ಹಾಕಬೇಡಿ.

ಕೊನೆಗೆ ಆರಿಸುವ ಕೆಲಸ. ಅದೇ ರಾತ್ರಿ ಕೂತು ಅಲುಗಿದ್ದು, ಕಣ್ಣು ಮುಚ್ಚಿದ್ದು ಅಳಿಸಿ, ಐದು ಉಳಿಸಿ. ಐದರಲ್ಲಿ ಎರಡಾದರೂ ಪ್ರಿಂಟ್ ಹಾಕಿಸಿ. ನನ್ನ ತಂಗಿ ಮಗಳ ಮೊದಲ ವರ್ಷದ ಅಷ್ಟೂ ಚಿತ್ರಗಳು ನೀರಿಗೆ ಬಿದ್ದ ಫೋನಿನ ಜೊತೆ ಹೋದವು. ಉಳಿದದ್ದು ನಾನು ತೆಗೆದು ಕಾಗದದ ಮೇಲೆ ಕೊಟ್ಟಿದ್ದ ಮೂರು. ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂದಿನ ಬದಿಯಲ್ಲಿ ಗೆರೆ ಏಳುತ್ತದೆ. ಆ ಮೂರರಲ್ಲಿ ಒಂದರ ಹಿಂದೆ ಹೀಗಿದೆ: 'ಹನ್ನೊಂದು ತಿಂಗಳು. ಅಡುಗೆಮನೆಯ ಕಿಟಕಿ. ಆಗ ತಾನೇ ಮಳೆ ನಿಂತಿತ್ತು.'