ಶೋಕಾಸ್ ನೋಟಿಸ್‌ಗೆ ಮುಂಚೆ ಒಂದು ಪೆನ್ಸಿಲ್, ಒಂದು ಹಾಳೆ

ನೈಟ್ ಡ್ಯೂಟಿಯವರು ಓವರ್ ಕೊಟ್ಟು, ಅಂದರೆ ರೋಗಿಗಳನ್ನು ಮುಂದಿನ ಪಾಳಿಗೆ ಒಪ್ಪಿಸಿ, ಹೊರಡುವ ಹೊತ್ತು. ಎಲ್ಲರಿಗೂ ಬಸ್ ಹಿಡಿಯುವ ಅವಸರ. ಆ ಹುಡುಗಿ ಮಾತ್ರ ನನ್ನ ರೂಮಿನ ಬಾಗಿಲ ಹತ್ತಿರ ಬ್ಯಾಗ್ ಹಿಡಿದುಕೊಂಡು ನಿಂತಿದ್ದಳು.

"ಮೇಡಂ, ರಾತ್ರಿ ಒಂದು ತಪ್ಪಾಗೇತ್ರಿ."

ಕೊಪ್ಪಳದ ಕಡೆಯವಳು. ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ನಾನಾಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಆಸ್ಪತ್ರೆಯ ಹೆಸರು ಬೇಡ, ಅವಳ ಹೆಸರಂತೂ ಬೇಡವೇ ಬೇಡ.

ಆಗಿದ್ದು ಇಷ್ಟು. ಐಸಿಯು ಪಕ್ಕದ ಸ್ಟೆಪ್ ಡೌನ್ ವಾರ್ಡಿನಲ್ಲಿ ಒಬ್ಬ ಅಜ್ಜನಿಗೆ ಊಟಕ್ಕೆ ಮುಂಚೆ 12 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಇನ್ಸುಲಿನ್ ಚುಚ್ಚುವ ಪೆನ್ ಇತ್ತು, ಪೆನ್ನಿಗೆ ಹಾಕುವ ಸೂಜಿ ಖಾಲಿಯಾಗಿತ್ತು. ರಾತ್ರಿ ಸ್ಟೋರ್ ಬಾಗಿಲು ಹಾಕಿರುತ್ತದೆ. ಅವಳು ಕೆಂಪು ಕ್ಯಾಪಿನ ಸಿರಿಂಜ್ ತಗೊಂಡು, ಪೆನ್ನಿನೊಳಗೆ ಇನ್ಸುಲಿನ್ ತುಂಬಿರುವ ಕಾರ್ಟ್ರಿಜ್‌ಗೇ ಚುಚ್ಚಿ 12ರ ಗೆರೆವರೆಗೆ ಎಳೆದಳು. ನೋಡುವವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಕೆಂಪು ಕ್ಯಾಪಿನ ಸಿರಿಂಜ್ ಇರುವುದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್‌ಗೆ, ಅಂದರೆ ಇನ್ಸುಲಿನ್‌ನ ಸಣ್ಣ ಬಾಟಲಿಗೆ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಕೆಂಪು ಸಿರಿಂಜಿನ 12ರ ಗೆರೆ ಅಂದರೆ 0.3 ಎಂಎಲ್. ಅಜ್ಜನಿಗೆ ಹೋಗಿದ್ದು 30 ಯೂನಿಟ್. ಎರಡೂವರೆ ಪಟ್ಟು.

ರಾತ್ರಿ ಹನ್ನೊಂದಕ್ಕೆ ಅಜ್ಜ ಬೆವರಿದರು. ಶುಗರ್ 48, ತೀರಾ ಕಮ್ಮಿ. ಅವಳೇ ನೋಡಿ, ಡ್ಯೂಟಿ ಡಾಕ್ಟರನ್ನು ಕರೆದು, ಅವರು ಹೇಳಿದಂತೆ 25 ಪರ್ಸೆಂಟ್ ಡೆಕ್ಸ್ಟ್ರೋಸ್ (ಗ್ಲೂಕೋಸ್) ಕೊಟ್ಟು, ಬೆಳಗಿನವರೆಗೂ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿದ್ದಳು. ಕೇಸ್ ಶೀಟಿನಲ್ಲಿ ಒಂದಕ್ಷರ ಮುಚ್ಚಿಡದೆ ಬರೆದಿದ್ದಳು. ಬೆಳಗ್ಗೆ ನಾನು ಹೋದಾಗ ಅಜ್ಜ ಇಡ್ಲಿ ತಿನ್ನುತ್ತಿದ್ದರು.

ಎರಡು ತಿಂಗಳಲ್ಲಿ ಅವಳ ಹೆಸರಲ್ಲಿ ಇದು ಮೂರನೇ ರಿಪೋರ್ಟ್. ಮುಂಚೆ ಒಂದು ಸಲ ಎಂಟು ಗಂಟೆ ಓಡಬೇಕಾದ ಡ್ರಿಪ್ ನಾಲ್ಕು ಗಂಟೆಗೇ ಮುಗಿದಿತ್ತು. ಇನ್ನೊಂದು ಸಲ ಆಂಟಿಬಯಾಟಿಕ್ ಮೂರು ಗಂಟೆ ತಡವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಎಚ್ಆರ್‌ನವರು ಶೋಕಾಸ್ ನೋಟಿಸ್ ಟೈಪ್ ಮಾಡಿಸಿ ನನ್ನ ಸಹಿಗೆ ಕಳಿಸಿದರು. "ಮೂರು ಆಯ್ತಲ್ಲ ಮೇಡಂ, ಮುಗಿಸಿಬಿಡೋಣ."

ನಾನು ಸಹಿ ಹಾಕಲಿಲ್ಲ. ದಯೆ ತೋರಿಸೋಣ ಅಂತ ಅಲ್ಲ. ಆ ಫಾರ್ಮಿನಲ್ಲಿದ್ದ "ದುರ್ನಡತೆ" ಅನ್ನುವ ಪದ ಕಣ್ಣಿಗೆ ಚುಚ್ಚಿತು. ನೋಟಿಸ್, ಉತ್ತರಕ್ಕೆ ಗಡುವು, ವಿಚಾರಣೆ, ಇಷ್ಟೂ ಬೇಕು. ಕದ್ದವರಿಗೆ, ಹೇಳದೆ ಕೇಳದೆ ಗೈರಾದವರಿಗೆ, ಸುಳ್ಳು ಬರೆದವರಿಗೆ ಅದು ಸರಿ. ಆದರೆ ಕೆಲಸವೇ ಬಾರದಿದ್ದರೆ? "ನನಗೆ ಲೆಕ್ಕ ಬರೋದಿಲ್ಲ" ಅಂತ ಶೋಕಾಸ್‌ಗೆ ಉತ್ತರ ಬರೆಯುವ ನರ್ಸ್ ಯಾರಿದ್ದಾರೆ? ಎಲ್ಲರೂ ಬರೆಯುವುದು ಒಂದೇ ಸಾಲು: ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ದಯವಿಟ್ಟು ಕ್ಷಮಿಸಿ. ಅದನ್ನು ಫೈಲ್ ಮಾಡಿಟ್ಟರೆ ರೋಗಿಗೆ ಏನು ಸಿಕ್ಕಿತು?

ಹಾಗಾಗಿ ಮೊದಲು ಒಂದು ಟ್ರೇ ಜೋಡಿಸಿದೆ. ಕೆಂಪು ಕ್ಯಾಪಿನ ಸಿರಿಂಜ್, ಎಂಎಲ್‌ಗೆ 100 ಯೂನಿಟ್‌ನ ಇನ್ಸುಲಿನ್‌ಗೆ ಇರುವ ಕಿತ್ತಳೆ ಕ್ಯಾಪಿನ ಸಿರಿಂಜ್, 40ರ ವಯಲ್, 100ರ ಕಾರ್ಟ್ರಿಜ್. ಅದೇ ವಾರ್ಡಿನ ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ಕರೆದೆ. "ಪೆನ್ ಸೂಜಿ ಇಲ್ಲ ಅಂದ್ಕೊಳಿ. ಹನ್ನೆರಡು ಯೂನಿಟ್ ಹೇಗೆ ಕೊಡ್ತೀರಾ, ತೋರಿಸಿ." ಕಾರ್ಟ್ರಿಜ್‌ಗೆ ಸಿರಿಂಜ್ ಹಾಕಬಾರದು, ಸೂಜಿ ತರಿಸಬೇಕು ಅಂತ ಹೇಳುತ್ತಾರಾ ಅಂತ ನೋಡುವುದಿತ್ತು. ನಾಲ್ಕು ಜನ ಕೆಂಪು ಸಿರಿಂಜನ್ನೇ ತಗೊಂಡು ಎಳೆದರು. ಅವರಲ್ಲಿ ಒಬ್ಬರಿಗೆ ಹದಿನಾಲ್ಕು ವರ್ಷದ ಸರ್ವಿಸ್.

ಅವಳ ಜಾಗದಲ್ಲಿ ಇನ್ನೊಬ್ಬರಿದ್ದಿದ್ದರೆ ಇದೇ ತಪ್ಪಾಗುತ್ತಿತ್ತಾ? ಜೇಮ್ಸ್ ರೀಸನ್ ಅನ್ನುವ ಬ್ರಿಟಿಷ್ ಮನಃಶಾಸ್ತ್ರಜ್ಞರ ಬರಹಗಳಿಂದ ಆಸ್ಪತ್ರೆಗಳಿಗೆ ಪರಿಚಯವಾದ ಪ್ರಶ್ನೆ ಇದು. ಹೌದು ಅನ್ನುವ ಉತ್ತರ ಬಂದರೆ ಒಬ್ಬಳನ್ನು ಮನೆಗೆ ಕಳಿಸಿ ಪ್ರಯೋಜನವಿಲ್ಲ. ಇನ್ಸುಲಿನ್ ಪ್ರಕರಣವನ್ನು ಅವಳ ಫೈಲಿನಿಂದ ತೆಗೆದು ವಾರ್ಡಿನ ಫೈಲಿಗೆ ಹಾಕಿದೆ. ರಾತ್ರಿಗೆ ಪೆನ್ ಸೂಜಿಯ ಎರಡು ಡಬ್ಬ ಹೆಚ್ಚಿಗೆ ಇಂಡೆಂಟ್ ಮಾಡಿಸಿದೆ. ಪೆನ್ನಿನಿಂದ ಸಿರಿಂಜಿಗೆ ಎಳೆಯಬಾರದು ಅಂತ ಫ್ರಿಜ್ ಬಾಗಿಲಿಗೆ ಕನ್ನಡದಲ್ಲೇ ಬರೆದು ಅಂಟಿಸಿದೆವು. ಕೆಲಸ ಅಷ್ಟೇ, ಅರ್ಧ ದಿನದ್ದು.

ಉಳಿದಿದ್ದು ಡ್ರಿಪ್. ಅದು ನನ್ನನ್ನು ಕಾಡುತ್ತಿತ್ತು.

ಒಂದು ಭಾನುವಾರ ಅವಳನ್ನು ಟ್ರೈನಿಂಗ್ ರೂಮಿಗೆ ಕರೆದೆ. ಜೊತೆಗೆ ಬೇರೆ ಬ್ಲಾಕಿನ ಒಬ್ಬ ಇನ್‌ಚಾರ್ಜ್ ಸಿಸ್ಟರ್. ಅವರಿಗೆ ಹಿಂದಿನ ಕತೆ ಏನೂ ಹೇಳಿರಲಿಲ್ಲ. ಇಬ್ಬರ ಕೈಯಲ್ಲೂ ಒಂದೇ ಚೆಕ್‌ಲಿಸ್ಟ್. ಮೊದಲ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆವು, ತಡವರಿಸಿದಳು. ಅದನ್ನೇ ಕನ್ನಡದಲ್ಲಿ ಕೇಳಿದಾಗ ಪಟ್ಟಂತ ಹೇಳಿದಳು. ಅವತ್ತಿನಿಂದ ನಾನು ಈ ಪರೀಕ್ಷೆಗಳನ್ನು ಕನ್ನಡದಲ್ಲೇ ಮಾಡುತ್ತೇನೆ. ಇಲ್ಲದಿದ್ದರೆ ಅಳೆಯುವುದು ಇಂಗ್ಲಿಷನ್ನೇ ಅಲ್ವಾ?

500 ಎಂಎಲ್, ಎಂಟು ಗಂಟೆ, ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು? 21. ಸರಿ ಹೇಳಿದಳು. ಆರು ಗಂಟೆಗೆ ಎಷ್ಟು? ಸುಮ್ಮನಾದಳು. ಎಂಟು ಗಂಟೆಯದ್ದು ಬಾಯಿಪಾಠ ಆಗಿತ್ತು, ಅಷ್ಟೇ.

ಆಮೇಲೆ ನಾರ್‌ಅಡ್ರಿನಲಿನ್, ಕುಸಿದ ಬಿಪಿ ಏರಿಸಲು ಪಂಪಿನಲ್ಲಿ ನಿಧಾನಕ್ಕೆ ಬಿಡುವ ಔಷಧಿ. 50 ಎಂಎಲ್ ಸಿರಿಂಜಿನಲ್ಲಿ 4 ಮಿಲಿಗ್ರಾಂ, ರೋಗಿಯ ತೂಕ 60 ಕೆಜಿ, ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಹೋಗಬೇಕು. ಪಂಪಿನಲ್ಲಿ ಗಂಟೆಗೆ ಎಷ್ಟು ಎಂಎಲ್ ಇಡ್ತೀಯಾ? ಹಾಳೆ, ಪೆನ್ಸಿಲ್ ಕೊಟ್ಟೆ. ಎಂಎಲ್‌ಗೆ 80 ಮೈಕ್ರೋಗ್ರಾಂ ಅಂತ ಸರಿಯಾಗಿ ಬರೆದಳು. ನಿಮಿಷಕ್ಕೆ 6 ಮೈಕ್ರೋಗ್ರಾಂ, ಅದೂ ಸರಿ. ಆರನ್ನು ಎಂಬತ್ತರಿಂದ ಭಾಗಿಸಿದಳು, 0.075 ಬಂತು. ನಿಮಿಷವನ್ನು ಗಂಟೆ ಮಾಡಲು 60ರಿಂದ ಗುಣಿಸಬೇಕಿತ್ತು, ಮರೆತಳು. ಗುಣಿಸಿದ್ದರೆ 4.5 ಬರುತ್ತಿತ್ತು.

ಮರೆಯುವುದು ದೊಡ್ಡದಲ್ಲ. ಮುಂದೆ ಅವಳು ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. 0.075 ನೋಡಿ, "ಇಷ್ಟು ಕಮ್ಮಿ ಇರೂದಿಲ್ಲಲ್ರಿ" ಅಂತ ತನಗೆ ತಾನೇ ಹೇಳಿಕೊಂಡಳು. ರಬ್ಬರ್ ತಗೊಂಡು ಬಿಂದು ಅಳಿಸಿ, ಎರಡು ಮನೆ ಆಚೆ ಇಟ್ಟಳು. 7.5. ನೋಡಲು ಪಂಪಿನಲ್ಲಿ ದಿನಾ ಕಾಣುವ ಅಂಕಿಯ ಹಾಗೇ ಇತ್ತು. ಸಮಾಧಾನದಿಂದ ಪೆನ್ಸಿಲ್ ಕೆಳಗಿಟ್ಟಳು.

ನಮ್ಮಿಬ್ಬರ ಉಸಿರೂ ಒಂದು ಕ್ಷಣ ನಿಂತ ಹಾಗಾಯಿತು. ಆ ಹಾಳೆ ಇಲ್ಲದಿದ್ದರೆ ಅವಳ ಕಷ್ಟ ಎಲ್ಲಿದೆ ಅಂತ ನನಗೆ ಯಾವ ವಿಚಾರಣೆಯಲ್ಲೂ ತಿಳಿಯುತ್ತಿರಲಿಲ್ಲ.

ಅವತ್ತು ಸಂಜೆ ಅವಳ ಇಂಡಕ್ಷನ್ ಫೈಲ್ ತೆಗೆಸಿದೆ. "ಇನ್‌ಫ್ಯೂಷನ್ ಪಂಪ್" ಅನ್ನುವ ಸಾಲಿನ ಮುಂದೆ ಟಿಕ್ ಇತ್ತು. ಕೆಳಗೆ ನನ್ನ ಸಹಿ. ಹತ್ತಿಪ್ಪತ್ತು ಜನ ಒಟ್ಟಿಗೆ ಸೇರಿದ ವಾರ ಅದು, ಗುಡ್ಡೆ ಹಾಕಿಟ್ಟ ಫೈಲುಗಳಿಗೆ ಸಹಿ ಮಾಡುತ್ತಾ ಹೋಗಿದ್ದೆ. ಆ ಪುಟದ ಜೆರಾಕ್ಸನ್ನೂ ವರದಿಗೆ ಸೇರಿಸಿದೆ. ಎಚ್ಆರ್‌ನವರಿಗೆ ಅದು ಇಷ್ಟವಾಗಲಿಲ್ಲ.

ಆರು ವಾರದ ಯೋಜನೆ ಮಾಡಿದೆವು. ಜೊತೆಗೆ ಒಬ್ಬ ಸೀನಿಯರ್ ಸಿಸ್ಟರ್. ದಿನಾ ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ ಲೆಕ್ಕ. ಅಲ್ಲಿಯವರೆಗೆ ಪಂಪ್ ಮುಟ್ಟುವ ಹಾಗಿಲ್ಲ, ನೈಟ್‌ನಲ್ಲಿ ಒಬ್ಬಳೇ ಇರುವ ಹಾಗಿಲ್ಲ. ಇದನ್ನೆಲ್ಲ ಬರೆದು, ಓದಿ ಹೇಳಿ, ಅವಳ ಸಹಿ ತಗೊಂಡು, ಒಂದು ಪ್ರತಿ ಅವಳಿಗೂ ಕೊಟ್ಟೆ. ಆಗ ಅವಳು ಕೇಳಿದ್ದು ಒಂದೇ: "ನೌಕರಿ ಹೋಗ್ತದೇನ್ರಿ ಮೇಡಂ?" ಗೊತ್ತಿಲ್ಲಮ್ಮ, ಆರು ವಾರ ನೋಡೋಣ ಅಂದೆ. ಹೋಗಲ್ಲ ಅಂತ ಸುಮ್ನೆ ಧೈರ್ಯ ಹೇಳಲು ಮನಸ್ಸು ಬರಲಿಲ್ಲ.

ಅದೇ ತಿಂಗಳು ಇನ್ನೊಂದಾಯಿತು. ಬಹಳ ಚುರುಕಿನ ಸೀನಿಯರ್ ಸಿಸ್ಟರ್ ಒಬ್ಬರು, ರೋಗಿ ಸ್ಕ್ಯಾನಿಂಗ್‌ಗೆ ಹೋಗಿದ್ದ ಹೊತ್ತಿನ ಬಿಪಿ, ಪಲ್ಸ್ ಎರಡನ್ನೂ ಚಾರ್ಟಿನಲ್ಲಿ ತುಂಬಿಟ್ಟಿದ್ದರು. ಬೆಡ್ ಖಾಲಿ, ಬಿಪಿ 120/80. ಅವರಿಗೆ ಶೋಕಾಸ್ ನೋಟಿಸ್ ಕೊಟ್ಟೆ. ವಿಚಾರಣೆಯೂ ಆಯಿತು, ಎಚ್ಚರಿಕೆ ಪತ್ರವೂ ಹೋಯಿತು. ಕ್ಯಾಂಟೀನಿನಲ್ಲಿ ಗುಸುಗುಸು ಜೋರಾಯಿತು: ಕೆಲಸ ಬರದವಳಿಗೆ ಪಾಠ, ಬರುವವರಿಗೆ ನೋಟಿಸ್. ಬಯ್ದುಕೊಳ್ಳಲಿ ಅಂತ ಬಿಟ್ಟೆ. ಕೈ ಬಾರದ್ದು ಬೇರೆ, ಕೈ ಬಂದೂ ಸುಳ್ಳು ಬರೆಯುವುದು ಬೇರೆ.

ಇಂಗ್ಲೆಂಡಿಗೆ ಹೋದ ನನ್ನ ಹಳೇ ಸಹೋದ್ಯೋಗಿ ಫೋನಿನಲ್ಲಿ ಹೇಳಿದ್ದಳು. ಅಲ್ಲಿನ ನರ್ಸಿಂಗ್ ಕೌನ್ಸಿಲ್ ದುರ್ನಡತೆ ಮತ್ತು ಸಾಮರ್ಥ್ಯದ ಕೊರತೆಯನ್ನು ಬೇರೆ ಬೇರೆ ಕಾರಣವಾಗಿ ಇಟ್ಟುಕೊಂಡಿದೆ. ಬರೀ ಸಾಮರ್ಥ್ಯದ ಕೊರತೆಗೆ ರಿಜಿಸ್ಟರ್‌ನಿಂದ ಹೆಸರು ತೆಗೆಯಬೇಕಾದರೆ, ಅದಕ್ಕೆ ಮುಂಚೆ ಎರಡು ವರ್ಷವಾದರೂ ಷರತ್ತು ಅಥವಾ ಅಮಾನತಿನಲ್ಲಿ ಇಟ್ಟಿರಬೇಕಂತೆ. ನಮ್ಮಲ್ಲಿ ರಿಜಿಸ್ಟರ್ ಇರುವುದು ರಾಜ್ಯ ನರ್ಸಿಂಗ್ ಕೌನ್ಸಿಲ್ ಕೈಯಲ್ಲಿ, 1961ರ ಕಾಯ್ದೆಯ ಪ್ರಕಾರ. ಆಸ್ಪತ್ರೆ ಕೆಲಸದಿಂದ ತೆಗೆಯಬಹುದು, ರಿಜಿಸ್ಟರ್‌ನಿಂದ ತೆಗೆಯಲು ಆಗದು. ಹಾಗಾಗಿ ಇಲ್ಲಿ ತೆಗೆದವರು ಮುಂದಿನ ವಾರ ಎರಡು ಸ್ಟಾಪ್ ಆಚೆ ಇನ್ನೊಂದು ಆಸ್ಪತ್ರೆಯ ಐಸಿಯುನಲ್ಲಿ ಇರುತ್ತಾರೆ. ರೋಗಿ ತೀರಿಕೊಂಡರೆ ವಿಷಯ ಪೊಲೀಸ್ ಸ್ಟೇಷನ್ನಿಗೂ ಹೋಗಬಹುದು. ಹೊಸ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಜೈಲು. ಡಾಕ್ಟರಿಗಾದರೆ ಎರಡು ವರ್ಷದವರೆಗೆ. ಆ ರಿಯಾಯಿತಿಯಲ್ಲಿ ನರ್ಸ್‌ಗಳ ಹೆಸರಿಲ್ಲ. ನಮ್ಮ ಹುಡುಗಿಯರಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ಆರು ವಾರ ಆಯಿತು. ಡ್ರಿಪ್ ಲೆಕ್ಕ ಪಕ್ಕಾ ಆಯಿತು. ಔಷಧಿ ಕೊಡುವುದು, ಓವರ್ ಕೊಡುವುದು ಚೆನ್ನಾಗಿತ್ತು, ರೋಗಿಯ ಬದಲಾವಣೆ ಗುರುತಿಸುವುದರಲ್ಲಿ ಅವಳು ಹಲವರಿಗಿಂತ ಮುಂದೆ. ಆದರೆ ಪಂಪಿನ ಹತ್ತು ಲೆಕ್ಕದಲ್ಲಿ ಎರಡು ತಪ್ಪು. ಮತ್ತೆ ಬಿಂದುವೇ. ಹತ್ತಕ್ಕೆ ಎಂಟು ಶಾಲೆಯಲ್ಲಿ ಡಿಸ್ಟಿಂಕ್ಷನ್. ನಾರ್‌ಅಡ್ರಿನಲಿನ್‌ನಲ್ಲಿ ಅಲ್ಲ.

ಜನರಲ್ ವಾರ್ಡಿಗೆ ಹಾಕಿದೆ. ಐಸಿಯು ಅಲೋವೆನ್ಸ್ ಉಳಿಸಲು ಎಚ್ಆರ್ ಜೊತೆ ಜಗಳವಾಡಿದೆ, ಸೋತೆ. ತಿಂಗಳಿಗೆ ಊರಿಗೆ ಕಳಿಸುವ ದುಡ್ಡು ಕಮ್ಮಿಯಾಯಿತು ಅಂತ ಅವಳು ಬೇಜಾರಾದಳು. ಎಂಟು ತಿಂಗಳಾದ ಮೇಲೆ ರಾಜೀನಾಮೆ ಕೊಟ್ಟಳು.

ಒಂದು ದಿನ ಬೇರೆ ಆಸ್ಪತ್ರೆಯಿಂದ ಫೋನ್ ಬಂತು. "ಮೇಡಂ, ಹುಡುಗಿ ಹೇಗೆ? ಐಸಿಯುಗೆ ತಗೊಳ್ತಾ ಇದೀವಿ." ಸಾಮಾನ್ಯವಾಗಿ ನಾವೆಲ್ಲ "ಒಳ್ಳೇ ಹುಡುಗಿ" ಅಂತ ಹೇಳಿ ಫೋನ್ ಇಡುತ್ತೇವೆ. ನಾನು ಡ್ರಾಯರ್‌ನಿಂದ ಆರು ವಾರದ ಹಾಳೆ ತೆಗೆದೆ. ಅದರ ಕೊನೆಯ ಸಾಲನ್ನು ಅವಳ ಮುಂದೆಯೇ ಬರೆದಿದ್ದೆ, ಕೆಳಗೆ ಅವಳ ಸಹಿಯೂ ಇತ್ತು. ಮೊದಲು ಅವಳಿಗೇ ಫೋನ್ ಮಾಡಿ, ಇದನ್ನು ಅವರಿಗೆ ಓದಿ ಹೇಳಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಬಸ್ಸಿನ ಕಂಡಕ್ಟರ್ ಕೂಗುವುದು ಕೇಳುತ್ತಿತ್ತು.

"ವಾರ್ಡಿಗೆ ಹಾಕ್ರಿ ಅಂತ ನಾನಽ ಹೇಳ್ತೀನ್ರಿ ಮೇಡಂ," ಅಂದಳು. "ನೀವೂ ಓದಿ ಹೇಳ್ರಿ."

ಓದಿ ಹೇಳಿದೆ.