ಹಳೆಯ ಟ್ರ್ಯಾಕ್ಟರಿನ ಡೈನಮೋ, ಬ್ಯಾಟರಿ ಮತ್ತು ವಯರಿಂಗ್: ಎಲ್ಲಿಂದ ಆರಂಭಿಸಬೇಕು

ಭದ್ರಾ ನಾಲೆಯ ಗದ್ದೆಗಳಲ್ಲಿ ಕೇಜ್‌ವೀಲ್ ಕಟ್ಟಿಕೊಂಡು ಕೆಸರು ತುಳಿದ ಟ್ರ್ಯಾಕ್ಟರಿನ ವಯರಿಂಗ್ ಕೆಡುವುದು ನೀರಿನಿಂದ. ಚಳ್ಳಕೆರೆ ಕಡೆಯ ಶೇಂಗಾ ಹೊಲದಲ್ಲಿ ದುಡಿದದ್ದು ಕೆಡುವುದು ದೂಳಿನಿಂದ. ಇಂಟರ್‌ನ್ಯಾಷನಲ್ ಬಿ-275, ಎಚ್‌ಎಂಟಿ ಜೀಟರ್ 2511ರಂತಹ ಹಳೆಯ ಗಾಡಿಗಳನ್ನು ಉಳಿಸಿಕೊಂಡವರು ಸೆಲ್ಫ್ (ಸ್ಟಾರ್ಟರ್ ಮೋಟಾರು) ಎಳೆಯದಿದ್ದರೆ ಮೊದಲು ಬ್ಯಾಟರಿಯನ್ನು, ಆಮೇಲೆ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋವನ್ನು ಬದಲಿಸುವುದು ರೂಢಿ. ನಾನು ಕಂಡಂತೆ ದೋಷ ಹೆಚ್ಚಿನ ಸಲ ಅರ್ತ್ ಸಂಪರ್ಕದಲ್ಲಿ, ಅಂದರೆ ಬ್ಯಾಟರಿಯ ಒಂದು ಕಂಬವನ್ನು (ಟರ್ಮಿನಲ್) ಗಾಡಿಯ ಲೋಹದ ಬಾಡಿಗೆ ಸೇರಿಸುವ ಕಡೆ, ಇರುತ್ತದೆ.

ದಾವಣಗೆರೆಯಲ್ಲಿ ನಮ್ಮ ಗಾಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಸೆಲ್ಫ್ ಬರೀ ಟಕ್ಕೆನ್ನುತ್ತಿತ್ತು. ಮೆಕ್ಯಾನಿಕ್ ಒಬ್ಬರ ಮಾತಿನಂತೆ ಹೊಸ ಬ್ಯಾಟರಿಯನ್ನೂ ತಂದದ್ದಾಯಿತು. ಕೊನೆಗೆ ನೋಡಿದರೆ ಅರ್ತ್ ಕೇಬಲ್ಲಿನ ತುದಿಯ ಲೋಹದ ಬಳೆ, ಅಂದರೆ ಲಗ್, ಅದರ ಕೆಳಗೆ ಬಣ್ಣ ಪದರಗಟ್ಟಿತ್ತು. ಇದನ್ನು ಕಂಡುಹಿಡಿಯಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಬೇಕು; ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಲಗ್ ಬಿಚ್ಚಿ, ಎರಡೂ ಮುಖಗಳನ್ನು ಹೊಳೆಯುವಂತೆ ಉಜ್ಜಿ, ಬಿಗಿದ ನಂತರ ಮೇಲೆ ಗ್ರೀಸ್ ಸವರಬೇಕು. ಬಿಚ್ಚುವಾಗ ಅರ್ತ್ ಕಂಬವನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು.

ಒಂದು ರಾತ್ರಿ ಸುಮ್ಮನೆ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದರ ನೀರು ಬೇಗ ಇಳಿಯುವುದರಿಂದ ಡಿಸ್ಟಿಲ್ಡ್ ವಾಟರ್ ಹಾಕಬೇಕೇ ಹೊರತು ಬೋರ್‌ವೆಲ್ ನೀರನ್ನಲ್ಲ.

ಲೂಕಾಸ್ ಮಾದರಿಯ ಡೈನಮೋ ಇದ್ದರೆ ಅದನ್ನು ಗಾಡಿಯ ಮೇಲಿದ್ದಂತೆಯೇ ಪರೀಕ್ಷಿಸಬಹುದು. ಬೆಲ್ಟ್ ಬಿಗಿಯಾಗಿದೆಯೆಂದು ನೋಡಿಕೊಂಡು, ಡೈನಮೋದ ಡಿ ಮತ್ತು ಎಫ್ ಎಂಬ ಟರ್ಮಿನಲ್ಲುಗಳ ವಯರುಗಳನ್ನು ಬಿಚ್ಚಿ, ಆ ಎರಡು ಟರ್ಮಿನಲ್ಲುಗಳನ್ನೂ ತುಂಡು ತಂತಿಯಿಂದ ಸೇರಿಸಿ, ಆ ತಂತಿಗೂ ಬಾಡಿಗೂ ನಡುವೆ ಮೀಟರ್ ಹಾಕಿ ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಿದರೆ ವೋಲ್ಟೇಜ್ ತಡವರಿಸದೆ ಮೇಲೇರಬೇಕು. 20 ವೋಲ್ಟ್ ದಾಟಿಸಬಾರದು. ಹೀಗೆ ಏರಿದರೆ ಡೈನಮೋ ಸರಿಯಿದೆ. ದೋಷವನ್ನು ಡೈನಮೋ-ಬ್ಯಾಟರಿ ನಡುವಿನ ಸಂಪರ್ಕವನ್ನು ಕೂಡಿಸಿ ಬಿಡಿಸುವ ಕಟ್‌ಔಟ್ ಡಬ್ಬಿಯಲ್ಲೋ ನಡುವಿನ ವಯರಿನಲ್ಲೋ ಹುಡುಕಬೇಕು. ಏರದಿದ್ದರೆ ಕಾರ್ಬನ್ (ಬ್ರಷ್) ಸವೆದಿರಬಹುದು, ಅದು ಉಜ್ಜುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವಿನ ಗೀರುಗಳಲ್ಲಿ ಕೆಂಪು ದೂಳು ಕರಿಯ ಜಿಡ್ಡಾಗಿ ಕೂತಿರಬಹುದು. ಅದನ್ನು ನಯವಾದ ಮರಳು ಕಾಗದದಿಂದ ಉಜ್ಜಬೇಕು. ಎಮರಿ ಕಾಗದದ ಪುಡಿ ಪಟ್ಟಿಗಳ ನಡುವೆ ಸಿಕ್ಕಿ ವಿದ್ಯುತ್ ಹರಿಸುವುದರಿಂದ ಅದನ್ನು ಬಳಸಬಾರದು. ಹಿಂದಿನ ಬುಷ್‌ಗೆ ಎರಡು ಹನಿ ಎಣ್ಣೆ ಸಾಕು, ಹೆಚ್ಚಾದರೆ ಅದು ಕಾರ್ಬನ್ನಿಗೇ ಇಳಿಯುತ್ತದೆ.

ಡೈನಮೋ ಬದಲಿಗೆ ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಬೇಕೇ? 45 ವ್ಯಾಟಿನ ಎರಡು ಹೆಡ್‌ಲೈಟ್, ಹಿಂದಿನ ದೀಪ, ಉಳುವ ದೀಪ ಸೇರಿದರೆ ಸುಮಾರು 11 ಆಂಪಿಯರ್ ಆಗುತ್ತದೆ. ಹಳೆಯ ಸಣ್ಣ ಡೈನಮೋಗಳು ಕೊಡುವುದೇ ಅಷ್ಟು. ರಾತ್ರಿ ಉಳುಮೆ ಇಲ್ಲದವರು, ಮೂಲರೂಪ ಉಳಿಸಬೇಕೆನ್ನುವವರು ಡೈನಮೋವನ್ನೇ ಇಟ್ಟುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಬದಲಿಸುವವರು ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಸೇರಿದೆಯೆಂದು ನೋಡಬೇಕು. ಇಂಗ್ಲೆಂಡಿನಲ್ಲಿ ತಯಾರಾದ ಹಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ. ಸಾಮಾನ್ಯ ಆಲ್ಟರ್ನೇಟರಿಗೆ ನೆಗೆಟಿವ್ ಅರ್ತ್ ಬೇಕು, ತಪ್ಪಿದರೆ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಬ್ಯಾಟರಿಯ ಕಂಬಗಳ ಸಂಪರ್ಕವನ್ನು ಅದಲುಬದಲು ಮಾಡಿದರೂ ಹಳೆಯ ಸೆಲ್ಫ್ ಮೋಟಾರು ಮೊದಲಿನ ದಿಕ್ಕಿನಲ್ಲೇ ತಿರುಗುತ್ತದೆ, ಆದರೆ ಆಂಪ್ ಮೀಟರಿನ ವಯರುಗಳನ್ನು ಅದಲುಬದಲು ಮಾಡಬೇಕು. 35 ಆಂಪಿಯರಿನ ಆಲ್ಟರ್ನೇಟರಿಗೆ 30ರವರೆಗಿನ ಆಂಪ್ ಮೀಟರ್ ತಾಳುವುದಿಲ್ಲವಾದ್ದರಿಂದ ಅದನ್ನು ಬಿಟ್ಟು ವೋಲ್ಟ್ ಮೀಟರ್ ಹಾಕಿ, ಚಾರ್ಜಿಂಗ್ ವಯರನ್ನೂ ದಪ್ಪನೆಯದಕ್ಕೆ ಬದಲಿಸಬೇಕು. ಕಟ್‌ಔಟನ್ನು ಸರ್ಕ್ಯೂಟಿನಿಂದ ಬಿಡಿಸಿ, ಖಾಲಿ ಡಬ್ಬಿಯನ್ನು ನೋಟಕ್ಕಾಗಿ ಅಲ್ಲೇ ಬಿಡಬಹುದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಕಂಡರೆ ಕೆಲಸ ಸರಿಯಾಗಿದೆ.

ವಯರುಗಳನ್ನು ಎಕ್ಸಾಸ್ಟ್ ಪೈಪಿನಿಂದ ದೂರ ಒಯ್ದು, ದೀಪಗಳ ಸಾಲಿಗೆ ಫ್ಯೂಸ್ ಹಾಕಬೇಕು. ಮೆಕ್ಕೆಜೋಳದ ರಾಶಿಯಿರುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ತಿಂಗಳಿಗೊಮ್ಮೆ ಬಾನೆಟ್ ಎತ್ತಿ, ಇಲಿ ಕಚ್ಚಿದ ಗುರುತಿದೆಯೇ ಎಂದು ಬೆರಳಿನಿಂದ ವಯರು ಸವರಿ ನೋಡಬೇಕು.