ಗರಡಿಮನೆಯ ಹಳೆಯ ಛಾಯಾಚಿತ್ರಗಳಿಗೆ ವಿವರ ಬರೆಯುವ ಕ್ರಮ

ದಾವಣಗೆರೆ, ಹರಿಹರ, ಹರಪನಹಳ್ಳಿ ಸೀಮೆಯ ಪೈಲ್ವಾನರ ಛಾಯಾಚಿತ್ರಗಳನ್ನು ಹಲವರು ಸೇರಿ ಅಂತರಜಾಲದಲ್ಲಿ ಒಂದೆಡೆ ಕೂಡಿಸುವಾಗ ಸ್ಕ್ಯಾನ್ ಮಾಡುವುದು ಸುಲಭದ ಭಾಗ; ಕಷ್ಟವಿರುವುದು ವಿವರ ಬರೆಯುವುದರಲ್ಲಿ. ಹೆಸರಿಲ್ಲದ ಚಿತ್ರಕ್ಕೆ ಮುಂದೊಂದು ದಿನ ಹೆಸರು ಸಿಕ್ಕೀತು, ಆದರೆ ತಪ್ಪು ಹೆಸರು ಹೊತ್ತು ಹತ್ತು ಕಡೆ ಹರಡಿದ ಚಿತ್ರವನ್ನು ತಿದ್ದುವುದು ಬಹಳ ಕಷ್ಟ. ಆದ್ದರಿಂದ ಚಿತ್ರದಲ್ಲಿ ಕಾಣುವುದು, ಹಿರಿಯರು ಹೇಳಿದ್ದು, ನಾವು ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕು.

ಮೊದಲು ಚಿತ್ರದ ಎರಡೂ ಬದಿಗಳನ್ನು ಕನಿಷ್ಠ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆಗಳು) ಸ್ಕ್ಯಾನ್ ಮಾಡಿ, ಮೂಲಪ್ರತಿಯನ್ನು ಗುಣಮಟ್ಟ ಕುಗ್ಗದ ಟಿಫ್ ಕಡತದ ರೂಪದಲ್ಲಿ ಉಳಿಸಿಕೊಳ್ಳಿ. ಹಿಂಬದಿಯ ಸ್ಟುಡಿಯೋ ಮೊಹರು, ಮಾಸಿದ ಕೈಬರಹ, ಪೆನ್ಸಿಲ್ ಗುರುತು ಎಲ್ಲವನ್ನೂ ಕಾಗುಣಿತದ ತಪ್ಪುಗಳ ಸಮೇತ ಇದ್ದಂತೆಯೇ ನಕಲಿಸಿ. ಚಿತ್ರವು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ. ಗಾಜಿನ ಸಮೇತ ಚಿತ್ರ ತೆಗೆಯಿರಿ. ಹಿಂಬದಿಯಲ್ಲಿ ಕ್ರಮಸಂಖ್ಯೆ ಬರೆಯಲೇಬೇಕಾದರೆ ಮೆದು ಪೆನ್ಸಿಲ್ಲಿನಿಂದ ಅಂಚಿನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡವೇ ಬೇಡ.

ಗುಂಪುಚಿತ್ರದಲ್ಲಿ ಹೆಸರುಗಳನ್ನು ಸಾಲುಸಾಲಾಗಿ, ನೋಡುವವರ ಎಡದಿಂದ ಬಲಕ್ಕೆ ಬರೆಯಬೇಕು. ಗುರುತು ಸಿಗದವರ ಜಾಗವನ್ನು ಬಿಟ್ಟುಬಿಡದೆ ‘ನಿಂತವರು, ಎಡದಿಂದ ಮೂರನೆಯವರು, ಹೆಸರು ತಿಳಿದಿಲ್ಲ’ ಎಂದು ನಮೂದಿಸಬೇಕು. ಗದೆ ಹಿಡಿದು ನಡುವೆ ಕುಳಿತ ಪೈಲ್ವಾನರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಅವರ ಕಾಲಬಳಿ ನೆಲದ ಮೇಲೆ ಕುಳಿತ ಹುಡುಗರ ಹೆಸರನ್ನು ಬಲ್ಲವರು ಒಬ್ಬಿಬ್ಬರು ಹಿರಿಯರು ಮಾತ್ರ, ಹಾಗಾಗಿ ಮೊದಲು ಕೇಳಬೇಕಾದದ್ದು ಆ ಹುಡುಗರ ಬಗ್ಗೆಯೇ. ಒಂದೇ ಹೆಸರಿನ ಪೈಲ್ವಾನರು ಹಲವರಿರುವುದರಿಂದ ಊರು, ಗರಡಿ, ಗುರು, ಅಡ್ಡಹೆಸರು ಇವುಗಳನ್ನೂ ಸೇರಿಸಿ. ಹೇಳಿದವರು ಯಾರು, ಚಿತ್ರದಲ್ಲಿರುವವರಿಗೆ ಅವರೇನಾಗಬೇಕು, ಯಾವ ದಿನ ಹೇಳಿದರು ಎಂಬುದೂ ದಾಖಲಾಗಲಿ. ಹಿರಿಯರನ್ನು ಕೇಳುವಾಗ ‘ಇವರು ಇಂಥವರಲ್ಲವೇ?’ ಎಂದು ನಾವೇ ಹೆಸರು ಸೂಚಿಸಬಾರದು. ಸೌಜನ್ಯಕ್ಕಾಗಿ ಅವರು ಹೌದೆಂದುಬಿಡುವ ಸಂಭವವಿದೆ.

ಕಾಲನಿರ್ಣಯಕ್ಕೆ ಚಿತ್ರದೊಳಗಿನ ಬರಹವೇ ಹೆಚ್ಚು ನಂಬಿಕೆಗೆ ಅರ್ಹ. ಫಲಕದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಬಹುಮಟ್ಟಿಗೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಹಿನ್ನೆಲೆಯ ಪೋಸ್ಟರಿನ ಟಿಕೆಟ್ ದರದಲ್ಲಿ ‘ನಯಾ ಪೈಸೆ’ ಕಂಡರೆ 1957ರ ನಂತರದ ಕೆಲವು ವರ್ಷಗಳತ್ತ ನೋಡಬೇಕು. ಸ್ಟುಡಿಯೋ ಮೊಹರಿನಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟಿಗಿಂತ ಹಿಂದಿನದಾಗಿರಲಾರದು. ಆದರೆ ಅದು ಪ್ರತಿ ಮಾಡಿಸಿದ ಕಾಲವನ್ನು ಹೇಳುತ್ತದೆಯೇ ಹೊರತು ಕುಸ್ತಿ ನಡೆದ ಕಾಲವನ್ನಲ್ಲ, ಹಳೆಯ ನೆಗೆಟಿವಿನಿಂದ ಮತ್ತೆ ಪ್ರತಿ ತೆಗೆಸುವುದು ಸಾಮಾನ್ಯವಾಗಿತ್ತು. ಖಚಿತವಿಲ್ಲದಿದ್ದಾಗ ‘ಸುಮಾರು 1960–65’ ಎಂದು ಬರೆದು ಕಾರಣವನ್ನೂ ಕೊಡಿ.

ಸ್ಥಳದ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷ ಎಚ್ಚರ ಬೇಕು. 1997ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಿರುವಾಗ ಹಳೆಯ ಫಲಕದ ‘ಚಿತ್ರದುರ್ಗ ಜಿಲ್ಲೆ’ ಎಂಬ ಬರಹವನ್ನು ನೋಡಿ ಕುಸ್ತಿ ಚಿತ್ರದುರ್ಗ ಊರಿನಲ್ಲೇ ನಡೆಯಿತೆಂದು ತೀರ್ಮಾನಿಸಲಾಗದು. ಊರು, ಅಂದಿನ ಜಿಲ್ಲೆ, ಇಂದಿನ ಜಿಲ್ಲೆ ಮೂರಕ್ಕೂ ಪ್ರತ್ಯೇಕ ಅಂಕಣವಿರಲಿ. ಫಲಕದ ಅಕ್ಷರಗಳು ತಿರುಗುಮುರುಗಾಗಿದ್ದರೆ ನೆಗೆಟಿವನ್ನು ತಿರುವಿ ಪ್ರತಿ ಮಾಡಲಾಗಿದೆ. ಎಡಬಲದ ಹೆಸರುಗಳನ್ನು ಬರೆಯುವ ಮೊದಲೇ ಇದನ್ನು ಪರಿಶೀಲಿಸಿ.

ಕಡತದ ಹೆಸರು ವರ್ಷದಿಂದ ಆರಂಭವಾಗಲಿ, ಆಗ ಚಿತ್ರಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ವಿವರಗಳನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಹುಡುಕಾಟಕ್ಕೆ ಸಿಗುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಿದರೆ ಗುಣಮಟ್ಟ ಕುಸಿದು ಕಡತದೊಳಗೆ ಸೇರಿರುವ ದಿನಾಂಕದಂತಹ ವಿವರಗಳೂ ಅಳಿಸಿಹೋಗುವುದರಿಂದ ಡಾಕ್ಯುಮೆಂಟ್ ಆಗಿಯೇ ಕಳುಹಿಸಬೇಕು. ಯಾರಾದರೂ ತಿದ್ದುಪಡಿ ಸೂಚಿಸಿದಾಗ ಹಿಂದಿನ ನಮೂದನ್ನು ಅಳಿಸದೆ, ಅದರ ಕೆಳಗೆ ಹೊಸದನ್ನು ದಿನಾಂಕ ಮತ್ತು ಆಧಾರದೊಂದಿಗೆ ಸೇರಿಸಬೇಕು.